ದೊಡ್ಡಮ್ಮನ ಮುಖ ನಿಂತುಹೋದಾಗ

ನಿಧಾನದ ಬಗ್ಗೆ ನನಗೆ ತಾತ್ವಿಕ ವಿರೋಧವೇನೂ ಇಲ್ಲ. ನಾನೇ ನಿಧಾನದ ಮನುಷ್ಯ. ಮದುವೆಯ ವಿಚಾರದಲ್ಲಿ ನಿಧಾನಿಸುತ್ತ ನಿಧಾನಿಸುತ್ತ ಐವತ್ತು ದಾಟಿದೆ; ಈಗ ನನ್ನನ್ನು ಯಾರೂ ಅವಸರ ಮಾಡುವುದಿಲ್ಲ. ಆದರೆ ಮನೆಯ ಇಂಟರ್‌ನೆಟ್ ನಿಧಾನವಾಯಿತೆಂದರೆ ಮಾತ್ರ ನನಗೆ ಎಲ್ಲಿಲ್ಲದ ಆವೇಶ ಬರುತ್ತದೆ. ಪರದೆಯ ಮೇಲೆ ಆ ಪುಟ್ಟ ಚಕ್ರ ಸುತ್ತುವುದನ್ನು ನೋಡುತ್ತ ಕೂತರೆ, ಯಾರೋ ನನ್ನ ಆಯುಸ್ಸನ್ನೇ ತಕಲಿಗೆ ಹಾಕಿ ನೂಲುತ್ತಿರುವಂತೆ ಅನ್ನಿಸುತ್ತದೆ.

ಮಲ್ಲೇಶ್ವರದ ಹಳೆಯ ಬಾಡಿಗೆ ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಮತ್ತಿಕೆರೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಬಚ್ಚಲಲ್ಲಿ ಜಾರಿಬಿದ್ದು ಅವರ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಅಮ್ಮ ಆಸ್ಪತ್ರೆಗೇನೋ ಹೋಗಿಬಂದಳು. ಮನೆಗೆ ಬಂದಮೇಲೆ ದೊಡ್ಡಮ್ಮ, "ನೀನು ಬರ್ಬೇಡ ಕಣೇ ಶಾಂತಾ. ಎರಡನೇ ಮಹಡಿ, ಲಿಫ್ಟಿಲ್ಲ, ನಿನ್ ಮಂಡಿ ಬೇರೆ ಹಾಗಿದೆ. ನಾನಾಗಲೇ ಓಡಾಡ್ತಿದೀನಿ" ಎಂದುಬಿಟ್ಟರು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಅಕ್ಕತಂಗಿಯರಿಗೆ ವಿಡಿಯೋ ಕಾಲ್.

ಆ ಕಾಲ್ ನೋಡಲು ಕಲ್ಲೆದೆ ಬೇಕಾಗಿತ್ತು. ದೊಡ್ಡಮ್ಮ ಬಾಯಿ ತೆರೆದರೆ ತೆರೆದಂತೆಯೇ ನಿಂತುಹೋಗುತ್ತಿದ್ದರು. ಮೂಗುತಿ ಒಂದು ಕಡೆ, ಮೂಗು ಇನ್ನೊಂದು ಕಡೆ. ಗಟ್ಟಿಯಾಗಿ ಕೂಗಿದರೆ ನೆಟ್ ಓಡುತ್ತದೆ ಎಂಬುದು ಅಮ್ಮನ ನಂಬಿಕೆ. "ಅಕ್ಕಾ! ಸಾರು ಏನೂ ಅಂದೇ!" ಎಂದು ಅವಳು ಕೂಗಿದರೆ, ಫೋನಿಲ್ಲದೆಯೇ ಮತ್ತಿಕೆರೆಗೆ ಕೇಳಿಸಬೇಕು.

ನಾನು ರಿಪೇರಿಗೆ ಇಳಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಸರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದರು. ನಮ್ಮ ವಿಮಾ ಕಚೇರಿಯಲ್ಲಿ ನಾವೂ ಬಂದವರಿಗೆ "ಊಟ ಆದ್ಮೇಲೆ ಬನ್ನಿ" ಅನ್ನುತ್ತೇವೆ. ಎರಡೂ ಒಂದೇ ಜಾತಿಯ ಉತ್ತರ. ಆಮೇಲೆ ಮಹಡಿಯ ಮೇಲಿನ ಕಾಲೇಜು ಹುಡುಗರು ನಮ್ಮ ನೆಟ್ ಕದಿಯುತ್ತಿದ್ದಾರೆಂಬ ಗುಮಾನಿ ಬಂತು. ಪಾಸ್‌ವರ್ಡ್ ಬದಲಿಸಿ ಗೆದ್ದವನಂತೆ ಕಚೇರಿಗೆ ಹೋದೆ. ಅಮ್ಮನ ಫೋನಿಗೆ ಹೊಸ ಪಾಸ್‌ವರ್ಡ್ ಹಾಕುವುದನ್ನು ಮರೆತಿದ್ದೆ. ಸಂಜೆ ಅಮ್ಮ ಬಾಗಿಲಲ್ಲೇ, "ನಿನ್ ರಿಪೇರಿಯಿಂದ ಅಕ್ಕನ ಅರ್ಧ ಮುಖಾನೂ ಹೋಯ್ತಲ್ಲೋ" ಎಂದಳು. ಮೇಲಿನ ಹುಡುಗನೊಬ್ಬ ಮೆಟ್ಟಿಲಿಂದಲೇ, "ಅಂಕಲ್, ನಮ್ ವೈಫೈ ಸೂಪರ್ ಆಗಿದೆ. ಬೇಕಾದ್ರೆ ಯೂಸ್ ಮಾಡ್ಕೊಳ್ಳಿ" ಎಂದ. ಕಳ್ಳನೆಂದುಕೊಂಡವನು ದಾನಿಯಾದಾಗ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಕೊನೆಗೆ ಒಂದು ಭಾನುವಾರ, ಫೋನಿನಲ್ಲಿ ವೇಗ ಅಳೆಯುತ್ತ, ಬೋರ್‌ವೆಲ್‌ಗೆ ನೀರು ನೋಡುವವನ ಹಾಗೆ ಮನೆಯೆಲ್ಲ ಸುತ್ತಿದೆ. ಮುಂದಿನ ಕೋಣೆಯಲ್ಲಿ ವೇಗಕ್ಕೇನೂ ಕಮ್ಮಿಯಿರಲಿಲ್ಲ. ಒಂದೊಂದು ಬಾಗಿಲು ದಾಟಿದಂತೆ ಇಳಿಯುತ್ತ, ಅಡುಗೆಮನೆ ಪಕ್ಕದ ಅಮ್ಮನ ಕೋಣೆ ಸೇರುವಷ್ಟರಲ್ಲಿ ಉಸಿರೇ ಇರಲಿಲ್ಲ. ರೂಟರ್ ಇದ್ದದ್ದು ಆ ಮುಂದಿನ ಕೋಣೆಯ ಕಬ್ಬಿಣದ ಬೀರುವಿನ ಹಿಂದೆ. ನಡುವೆ ಹಳೆಯ ಕಾಲದ ದಪ್ಪ ಕಲ್ಲಿನ ಗೋಡೆಗಳು. ಉದ್ದನೆಯ ವೈರು ತಂದು ರೂಟರನ್ನು ನಡುಮನೆಯ ಕಪಾಟಿನ ಮೇಲೆ ಕೂರಿಸಿದೆ.

ಅಂದು ಮಧ್ಯಾಹ್ನ ದೊಡ್ಡಮ್ಮ ಪರದೆಯ ಮೇಲೆ ಗಾಜು ಒರೆಸಿದಷ್ಟು ಸ್ವಚ್ಛವಾಗಿ ಮೂಡಿದರು. ನಾನು ಶಹಬ್ಬಾಸ್‌ಗಿರಿ ನಿರೀಕ್ಷಿಸುತ್ತ ನಿಂತಿದ್ದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡುತ್ತಲೇ ಇದ್ದಳು.

"ಅಕ್ಕಾ, ನಿನ್ ಹಿಂದೆ ಇರೋದು ಮಂಚದ ಕಂಬಿ ಅಲ್ವಾ?"

"ಈಗ್ತಾನೆ ಒರಗಿದೆ ಕಣೇ. ಬೆಳಗ್ಗೆ ಬಾಲ್ಕನಿ ತನಕ ಹೋಗಿದ್ದೆ."

"ರೇಖಾ, ಫೋನ್ ಸ್ವಲ್ಪ ಹಿಂದಕ್ಕೆ ಹಿಡಿಯಮ್ಮ."

ಸೊಸೆ ರೇಖಾ ಒಂದು ಗಳಿಗೆ ತಡೆದಳು. ಆಮೇಲೆ ಚಿತ್ರ ಹಿಂದೆ ಸರಿಯಿತು. ಆಸ್ಪತ್ರೆಯ ಮಾದರಿಯ ಮಂಚ, ದಿಂಬುಗಳ ನಡುವೆ ಮಗುವಿನಷ್ಟಾಗಿದ್ದ ದೊಡ್ಡಮ್ಮ. ಗೋಡೆಗೆ ಒರಗಿಸಿದ್ದ ವಾಕರ್‌ನ ಪ್ಲಾಸ್ಟಿಕ್ ಕವರನ್ನು ಇನ್ನೂ ಬಿಚ್ಚಿರಲಿಲ್ಲ. ಇಷ್ಟು ದಿನ ಮುಖವೊಂದನ್ನೇ ತೋರಿಸುತ್ತ, ಅದೂ ಒಡೆದೊಡೆದು ಕಾಣುತ್ತ, ಅವರು ತಂಗಿಯ ಮುಂದೆ ಓಡಾಡುತ್ತಿದ್ದರು.

"ಕಾಲೂರಕ್ಕೆ ಭಯ ಆಗತ್ತೆ ಕಣೇ," ಎಂದರು ದೊಡ್ಡಮ್ಮ ಮೆಲ್ಲಗೆ. "ಹೇಳಿದ್ರೆ ನೀನು ಆ ಮಂಡಿ ಎಳ್ಕೊಂಡು ಬಂದ್ಬಿಡ್ತಿದ್ದೆ."

"ಬರ್ದೇ ಇರ್ತೀನಾ?" ಎಂದಳು ಅಮ್ಮ. "ನಾನು ದಿನಾ ಪಾರ್ಕಲ್ಲಿ ವಾಕ್ ಮಾಡ್ತೀನಿ ಅಂದಿದ್ನಲ್ಲಾ, ಅದೂ ಸುಳ್ಳೇ. ಗೇಟ್ ದಾಟಿಲ್ಲ."

ಇಬ್ಬರೂ ನಗತೊಡಗಿದರು. ನಗುನಗುತ್ತಲೇ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ರುದ್ರೇಶಾ, ಆಟೋ ಕರಿ" ಎಂದಳು.

ಮತ್ತಿಕೆರೆಯ ಆ ಮೆಟ್ಟಿಲುಗಳನ್ನು ಅಮ್ಮ ಅಲ್ಲಲ್ಲಿ ಕೂತು, ಕಟ್ಟಿಸಿದವನನ್ನು ಬೈಯುತ್ತ ಹತ್ತಿದಳು. ಒಳಗೆ ಹೋಗಿ ಮೊದಲು ಮಾಡಿದ ಕೆಲಸ ವಾಕರ್‌ನ ಕವರು ಹರಿದದ್ದು. "ಏಳು, ನಾನೂ ಕುಂಟ್ತೀನಿ, ನೀನೂ ಕುಂಟು" ಎಂದು ಅಕ್ಕನಿಗೆ ಹೆಗಲು ಕೊಟ್ಟಳು. ಅಂದು ಮಂಚದಿಂದ ಕುರ್ಚಿಯವರೆಗೆ ಆಯಿತು. ಈಗ ಅಡುಗೆಮನೆಯವರೆಗೆ ಹೋಗಿ ರೇಖಾಳ ಒಗ್ಗರಣೆಗೆ ಇಬ್ಬರೂ ಸೇರಿ ತಪ್ಪು ಹುಡುಕುವಷ್ಟು ಸುಧಾರಿಸಿದೆ. ಅಮ್ಮ ಅಲ್ಲೇ ಉಳಿದಿದ್ದಾಳೆ.

ರಾಜ್ಯದಲ್ಲೇ ಶ್ರೇಷ್ಠವಾದ ಇಂಟರ್‌ನೆಟ್ ಇಟ್ಟುಕೊಂಡು ಮನೆಯಲ್ಲಿ ನಾನೊಬ್ಬನೇ. ಈಗ ವಿಡಿಯೋ ಕಾಲ್ ಬರುವುದು ನನಗೆ.

"ಊಟ ಆಯ್ತಾ?"

"ಆಯ್ತಮ್ಮ. ಅನ್ನ, ಹುಳಿ, ಪಲ್ಯ."

ಒಂದೇ ಪರದೆಯಲ್ಲಿ ಎರಡು ಮುಖಗಳು ಮುಂದೆ ಬಂದು ಇಣುಕುತ್ತವೆ. "ಬ್ರೆಡ್ಡಿನ ಪ್ಯಾಕೆಟ್ ಕಾಣ್ತಿದೆ ಕಣೇ," ಎನ್ನುತ್ತಾರೆ ದೊಡ್ಡಮ್ಮ. "ಫೋನ್ ಸ್ವಲ್ಪ ಹಿಂದಕ್ಕೆ ಹಿಡಿಯೋ," ಎನ್ನುತ್ತಾಳೆ ಅಮ್ಮ.

"ಹಲೋ? ಹಲೋ?" ಎಂದು ನಾನು ಬಾಯಿ ತೆರೆದು, ಅಲುಗಾಡದೆ, ರೆಪ್ಪೆ ಬಡಿಯದೆ ನಿಂತುಬಿಡುತ್ತೇನೆ.

"ನೆಟ್ ಹೋಯ್ತೇನೋ, ಪಾಪ," ಎನ್ನುತ್ತಾರೆ ದೊಡ್ಡಮ್ಮ.

"ನೆಟ್ ಹೋಗಿಲ್ಲ," ಎನ್ನುತ್ತಾಳೆ ಅಮ್ಮ. "ಅವನ ಹಿಂದೆ ಫ್ಯಾನ್ ತಿರುಗ್ತಿದೆ ನೋಡು."