ಸೊಪ್ಪು ಕೊಚ್ಚಿದರೂ ಹೆಜ್ಜೆ ಎಣಿಸುವ ಕೈಗಡಿಯಾರದವರಿಗೆ

ಮಾನ್ಯರೇ,

ಅಲೆಕ್ಸಾಂಡ್ರಿಯಾದ ಐದನೇ ಮಹಡಿಯಿಂದ, ತಮ್ಮನ್ನು ಧರಿಸಿರುವ ಎಡಗೈಯನ್ನು ಎದೆಗಿಟ್ಟುಕೊಂಡು ಬಲಗೈಯಿಂದ ಬರೆದ ನಮಸ್ಕಾರಗಳು.

ಕಡಲದಂಡೆಯಲ್ಲಿ ನನ್ನ ಯಜಮಾನರು ದಿನವೂ ನಡೆದ ಹತ್ತು ಸಾವಿರ ಹೆಜ್ಜೆಗಳನ್ನು ತಾವು ಒಂದೂ ಬಿಡದೆ ಎಣಿಸಿದವರು. ಅವರು ತೀರಿಕೊಂಡ ಮೇಲೆ, ಸೊಂಟ ಮುರಿದು ಎರಡು ವರ್ಷದಿಂದ ಗಾಲಿಕುರ್ಚಿಯಲ್ಲಿರುವ ನನ್ನ ಕೈಗೆ ಮಗಳು ಇನಾಸ್ ತಮ್ಮನ್ನು ಕಟ್ಟಿ, "ಅಪ್ಪನ ನೆನಪಿಗೆ ಇರ್ಲಿ ಅಮ್ಮಾ, ನಿನ್ನ ಆರೋಗ್ಯ ಕೈರೋದಿಂದ್ಲೇ ಫೋನಲ್ಲಿ ನೋಡ್ತಿರ್ತೀನಿ" ಎಂದು ಹೊರಟಳು. ಈಗಲೂ ತಾವು ಬೆಳಿಗ್ಗೆ "ಶುಭೋದಯ, ವಗ್ದಿ" ಎಂದು ಅವರ ಹೆಸರನ್ನೇ ತೋರಿಸುತ್ತೀರಿ. ಅದಕ್ಕೆ ನನ್ನ ದೂರಿಲ್ಲ.

ದೂರು ಬುಟ್ಟಿಯದು. ಲಿಫ್ಟ್ ಕೆಟ್ಟಿರುವುದರಿಂದ ಬಾಲ್ಕನಿಯಿಂದ ಹಗ್ಗದ ಬುಟ್ಟಿ ಇಳಿಬಿಟ್ಟು ರೊಟ್ಟಿ, ತರಕಾರಿ ಎಳೆದುಕೊಳ್ಳುತ್ತೇನೆ. ಒಂದೊಂದು ಎಳೆತವನ್ನೂ ತಾವು ಹೆಜ್ಜೆಯೆಂದು ಬರೆದುಕೊಂಡಿರಿ. ಎರಡು ಹಿಡಿಯ ಕತ್ತಿಯನ್ನು ಅತ್ತಿತ್ತ ತೂಗುತ್ತಾ ಮೊಲೋಖಿಯಾ ಸೊಪ್ಪು ಕೊಚ್ಚಿದ ದಿನವಂತೂ ನಾನು ಓಡಿದೆನಂತೆ! ವೈದ್ಯರು ಎರಡು ವರ್ಷದಲ್ಲಿ ಮಾಡಲಾಗದ್ದನ್ನು ತಾವು ಒಂದು ಕಟ್ಟು ಸೊಪ್ಪಿನಲ್ಲಿ ಸಾಧಿಸಿದಿರಿ.

ಇನಾಸ್ ಫೋನ್ ಮಾಡಿದಳು. "ಕಳ್ಳಿ! ಆರು ಸಾವಿರ ಹೆಜ್ಜೆ ನಡೆದು ನನ್ಹತ್ರ ಮುಚ್ಚಿಡ್ತೀಯಾ? ಅಪ್ಪನ ನಲವತ್ತನೇ ದಿನದ ಪ್ರಾರ್ಥನೆಗೆ ನಿನ್ನನ್ನ ಹೊತ್ತು ಇಳಿಸೋಕೆ ಗೊತ್ತು ಮಾಡಿದ್ದೋರಿಗೆ ಬರ್ಬೇಡಿ ಅಂದೆ. ನಾನು ನೇರ ಸಮಾಧಿ ಹತ್ರ ಬರ್ತೀನಿ." ಇಲ್ಲವೆಂದು ಎಷ್ಟು ಹೇಳಿದರೂ, "ಗಡಿಯಾರ ಯಾಕಮ್ಮ ಸುಳ್ಳು ಹೇಳುತ್ತೆ? ನಿನಗೆ ಧೈರ್ಯ ಸಾಲ್ದು" ಎಂದಳು.

ಆದ್ದರಿಂದ ನಲವತ್ತನೇ ದಿನ ಬೆಳಿಗ್ಗೆ ನಾನು ತೊಂಬತ್ತಾರು ಮೆಟ್ಟಿಲುಗಳ ತುದಿಯಲ್ಲಿ ಕುಳಿತು, ನಾನು ನಡೆದ ಆರು ಸಾವಿರದಲ್ಲಿ ತೊಂಬತ್ತಾರನ್ನು ಮಾತ್ರ ಕೆಳಮುಖವಾಗಿ ದಯಪಾಲಿಸಬೇಕೆಂದು ತಮ್ಮನ್ನು ಬೇಡಿಕೊಂಡೆ. ತಾವು ಸಮಯ ತೋರಿಸಿದಿರಿ.

ಕೊನೆಗೆ ಬಾಲ್ಕನಿಗೆ ಬಂದು ತರಕಾರಿ ಮಾರುವ ಬಯ್ಯೂಮಿಯನ್ನು ಕೂಗಿದೆ. "ಬುಟ್ಟೀಲಿ ನೀವು ಹಿಡಿಸಿದ್ರೆ ಸೌತೆಕಾಯಿ ಥರ ಇಳಿಸ್ಕೋತಿದ್ದೆ, ಹಜ್ಜಾ ತಾಯಿ! ಇರಿ, ಬಂದ್ವಿ" ಎಂದವನು ಕಾಫಿ ಅಂಗಡಿಯ ಮೂವರೊಂದಿಗೆ ನನ್ನನ್ನು ಕುರ್ಚಿ ಸಮೇತ ಹೊತ್ತಿಳಿಸಿದ. ಆ ಮೆಟ್ಟಿಲುಗಳಲ್ಲಿ ತಾವು ಒಂದನ್ನೂ ಎಣಿಸಲಿಲ್ಲ.

ಸಮಾಧಿಯ ಬಳಿಯೂ ನಾಲ್ವರು ನನ್ನನ್ನು ಹೊತ್ತು ತಂದದ್ದು ನೋಡಿದ ಇನಾಸ್ ನನ್ನ ಮಡಿಲಿಗೆ ಮುಖವಿಟ್ಟಳು. ಆಗ ಸಮಾಧಿಯ ಮುಂದೆಯೇ ತಾವು ನಡುಗಿ ಬರೆದಿರಿ: "ವಗ್ದಿ, ಬಹಳ ಹೊತ್ತಾಯಿತು. ಎದ್ದು ನಡೆಯಿರಿ."

ವಗ್ದಿಯವರೂ ಏಳಲಿಲ್ಲ, ನಾನೂ ಏಳಲಿಲ್ಲ.

ಕುಳಿತಲ್ಲೇ ಓಡುವ,
ತಮ್ಮ ವಿಶ್ವಾಸಿ,
ಸೊಹೇರ್

ಮತ್ತೊಂದು ಮಾತು: ಇನಾಸ್ ತಮ್ಮಲ್ಲಿ ನನ್ನ ಹೆಸರು ಹಾಕಲು ಹೊರಟಳು, ಬೇಡವೆಂದೆ. ನಾಳೆ ಮೊಲೋಖಿಯಾ ಇದೆ. ವಗ್ದಿಯವರನ್ನು ಸ್ವಲ್ಪ ಓಡಿಸುತ್ತೇನೆ. ಎಣಿಸುವುದರಲ್ಲಿ ತಾವು ನಿಪುಣರಲ್ಲವೇ?