ಓದಿದವನಿಗೆ ಬಾಳೆಹಣ್ಣು

ಷಣ್ಮುಖಪ್ಪನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಬಾಳೆಹಣ್ಣಿನಿಂದ.

ಹೊನ್ನಾಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವನಿಗೆ ಮಿಷನ್ನಿನ ಸದ್ದನ್ನೂ ಮೀರಿಸುವ ಗಂಟಲಿತ್ತು. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಓದುವವನು ಅವನೇ. ಅವನು ಒಂದು ಪದ್ಯ ಓದಿ ನಿಲ್ಲಿಸಿದರೆ, ಪಕ್ಕದಲ್ಲಿ ಕೂತ ಕಿರಾಣಿ ಅಂಗಡಿ ಗುರುಬಸವರಾಜ ಅದರ ಅರ್ಥ ಹೇಳುತ್ತಿದ್ದ. ಗಂಟಲು ಹರಿದುಕೊಳ್ಳುವವನು ಒಬ್ಬ, ಚಪ್ಪಾಳೆ ಗಿಟ್ಟಿಸುವವನು ಇನ್ನೊಬ್ಬ. ಪುರಾಣ ಮುಗಿಯುವ ಮಂಗಳದ ದಿನ ಗುರುಬಸವರಾಜನ ಹೆಗಲಿಗೆ ಶಾಲು ಬೀಳುತ್ತಿತ್ತು. ಷಣ್ಮುಖಪ್ಪನ ಕೈಗೆ ಒಂದು ಬಾಳೆಹಣ್ಣು.

ಗುರುಬಸವರಾಜನ ಮನೆಯ ಬೀರು ಶಾಲುಗಳಿಂದ ತುಂಬಿ, ಹೆಚ್ಚಾದದ್ದನ್ನು ಇಸ್ತ್ರಿ ಮಾಡುವ ಮೇಜಿಗೆ ಹಾಸಿದ್ದರು. ಅದನ್ನು ಕಣ್ಣಾರೆ ಕಂಡ ದಿನ ಷಣ್ಮುಖಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ.

ಆ ಭಾನುವಾರ ನ್ಯಾಮತಿಗೆ ಹೊರಟಾಗ ಹೆಂಡತಿ ಕೊಟ್ರಮ್ಮ ಬಾಗಿಲಿಗೆ ಬಂದಳು.

“ಚೀಲ ತಗಂಡ್ರಾ?”

“ಯಾಕೆ?”

“ಹಣ್ಣು ತರಾಕೆ. ಹೋದ್ಸಲ ಜೇಬಿನಾಗಿಟ್ಕಂಡು ಅಂಗಿಯೆಲ್ಲ ಅಂಟು ಮಾಡ್ಕಂಡು ಬಂದಿದ್ರಿ.”

“ಬಾಯ್ಮುಚ್ಚೇ! ಇವತ್ತು ಶಾಲು ಹೊದ್ಕಂಡೇ ಬರ್ತೀನಿ. ಚೀಲ ನೀನೇ ಇಟ್ಕ!”

ನ್ಯಾಮತಿಯಲ್ಲಿ ಅವತ್ತು ಇದ್ದದ್ದು ಪುರಾಣವಲ್ಲ. ನಿವೃತ್ತ ಟೀಚರ್ ಶಾಂತಾದೇವಿ ಹಳೇ ಜರ್ಮನ್ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದಿದ್ದರು. ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಕೊಟ್ಟರೆ ಯಾರೂ ಓದುವುದಿಲ್ಲ, ಪುರಾಣದ ಹಾಗೆ ಓದಿಸಿ ಅರ್ಥ ಹೇಳಿಸಿದರೆ ಜನ ಕೂರುತ್ತಾರೆ ಎಂದು ಓದುಗರ ಬಳಗದವರು ಈ ಜೋಡಿಯನ್ನು ಕರೆಸಿದ್ದರು.

ಬಸ್ಸಿಳಿದ ಕೂಡಲೇ ಗುರುಬಸವರಾಜ ಮಿರ್ಚಿ ಅಂಗಡಿ ಹುಡುಕಿಕೊಂಡು ಹೋದ. ಅವನು ಮೊದಲೇ ಓದಿಕೊಂಡು ಬರುವ ಜಾಯಮಾನದವನಲ್ಲ. ಕಿವಿಗೆ ಬಿದ್ದದ್ದಕ್ಕೆ ಕೂತಲ್ಲೇ ಅರ್ಥ ಹುಟ್ಟಿಸುವವನು. ಷಣ್ಮುಖಪ್ಪ ಒಬ್ಬನೇ ಸಮುದಾಯ ಭವನಕ್ಕೆ ಬಂದಾಗ ಶಾಂತಾದೇವಿ ಅವನನ್ನು ಪಕ್ಕಕ್ಕೆ ಕರೆದರು.

“ನೋಡಪ್ಪಾ, ಇದು ಬ್ರುಮ್ಮರ್ ಅನ್ನೋ ದೊಡ್ಡ ಮನುಷ್ಯನ ಕತೆ. ಪುಸ್ತಕದ ತುಂಬ ಅವನನ್ನ ಹೊಗಳೈತೆ. ಆದ್ರೆ ಹೊಗಳಿಕೆ ಮೇಲೆ, ಒದೆ ಒಳಗೆ. ಇದನ್ನ ಬರೆದೋರು ಹಲ್ಲು ಕಾಣಿಸದಂಗೆ ನಗ್ತಾರೆ.”

“ಹಂಗಾರೆ ಎಲ್ಲಾ ಸುಳ್ಳು ಹೊಗಳಿಕೇನಾ ಟೀಚರ್?”

“ಎಲ್ಲಾನೂ ಅಲ್ಲ. ನಡುನಡುವೆ ಮನಸ್ಸಾರೆ ಹೇಳಿದ್ದೂ ಐತೆ. ಯಾವುದು ಒದೆ, ಯಾವುದು ಮನಸ್ಸಿನ ಮಾತು ಅಂತ ಒಂದೊಂದ್ಸಲ ಹೇಳಿದೋನಿಗೂ ಗೊತ್ತಾಗಲ್ಲ. ಗುರುಬಸವರಾಜರಿಗೂ ಇದನ್ನ ಹೇಳಿಬಿಡು.”

“ಹೇಳ್ದೆ ಅಂತಲೇ ತಿಳ್ಕಳ್ರಿ,” ಎಂದ ಷಣ್ಮುಖಪ್ಪ. ಒಳಗೊಳಗೇ ಲೆಕ್ಕ ಹಾಕಿದ. ಹೇಳಬಾರದು! ಈ ಗುರುಬಸ್ಯಾ ಒದೆಯನ್ನೇ ಹೂವಿನ ಹಾರ ಅಂದುಕೊಂಡು ಕಣ್ಣಿಗೊತ್ತಿಕೊಳ್ಳಲಿ. ತುಂಬಿದ ಸಭೆಯಲ್ಲಿ ಮರ್ಯಾದೆ ಹೋಗಲಿ. ಆಮೇಲೆ ಅರ್ಥ ಹೇಳುವ ಕುರ್ಚಿಯೂ ನನ್ನದು, ಶಾಲೂ ನನ್ನದು.

ಅಷ್ಟರಲ್ಲಿ ಗುರುಬಸವರಾಜ ಕಾಗದದ ಪೊಟ್ಟಣ ಹಿಡಿದು ಬಂದ. “ತಗಳೋ ಷಣ್ಮುಖಾ, ನಿನಗೂ ತಂದೀನಿ. ಬಿಸಿ ಐತೆ. ಟೀಚರ್ ಏನಂದ್ರು?”

“ಏನಿಲ್ಲ. ಭಾಳ ಒಳ್ಳೇ ಮನುಷ್ಯನ ಕತೆಯಂತೆ,” ಎಂದು ಷಣ್ಮುಖಪ್ಪ ಅವನ ಮಿರ್ಚಿಯನ್ನೇ ಕಚ್ಚಿದ.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಜಗಳೂರಿನಲ್ಲಿ ಕಾರ್ಯಕ್ರಮ ನಡೆಸುವ ಬಸವರಾಜಪ್ಪನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಷಣ್ಮುಖಪ್ಪ ಗಂಟಲು ಸರಿಮಾಡಿಕೊಂಡು ಓದಿದ:

“ನಮ್ಮ ಬ್ರುಮ್ಮರ್ ಸಾಹೇಬರ ಕರುಣೆಗೆ ಎಣೆಯಿಲ್ಲ. ಬೀದಿಯಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ಅವರ ಕರುಳು ಎಷ್ಟು ಕಿವುಚಿತೆಂದರೆ, ಆ ನೋವನ್ನು ನೋಡಲಾರದೆ ಕಿಟಕಿ ಮುಚ್ಚಿಸಿ, ತಮ್ಮ ಒಲೆಗೆ ಇನ್ನಷ್ಟು ಸೌದೆ ಹಾಕಿಸಿದರು.”

ಗುರುಬಸವರಾಜ ಕಣ್ಣು ಮುಚ್ಚಿ ಕೈಮುಗಿದ.

“ಕೇಳಿದ್ರಾ ತಾಯೇರೆ! ಎಂಥಾ ಕರುಳು! ನೋವು ನೋಡಾಕಾಗದೆ ಕಿಟಕಿ ಮುಚ್ಚಿಸಿದರು ಬ್ರುಮ್ಮಪ್ಪನೋರು. ನಾವಾಗಿದ್ರೆ ಕಣ್ಣು ಬಿಟ್ಕಂಡು ನೋಡ್ತಾ ನಿಂತಿರ್ತಿದ್ವಿ. ನಮ್ಮ ಕಡೆಗೂ ಇಂಥಾ ಪುಣ್ಯಾತ್ಮರು ಅದಾರೆ. ಕಾರಿನಾಗೆ ಹೋಗ್ತಿರ್ತಾರೆ, ರಸ್ತೆ ಗುಂಡಿ ಕಂಡು ಮನಸ್ಸಿಗೆ ನೋವಾಗಿ, ಪಾಪ, ಗಾಜು ಏರಿಸ್ಕಂತಾರೆ!”

ಸಭೆ ಗೊಳ್ಳೆಂದಿತು. ಬಿತ್ತು ಒದೆ, ಎಂದು ಷಣ್ಮುಖಪ್ಪ ಒಳಗೇ ಹಿಗ್ಗಿದ. ಆದರೆ ನಗುವಿನ ಹಿಂದೆಯೇ ಚಪ್ಪಾಳೆ ಬಂತು. ಬಸವರಾಜಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಷಣ್ಮುಖಪ್ಪ ಗಾಬರಿಯಿಂದ ಮುಂದಿನದನ್ನು ಓದಿದ: “ಹೆಂಡತಿಯ ಮೇಲಿನ ಗೌರವದಿಂದ ಸಾಹೇಬರು ಸಂಸಾರದ ಎಲ್ಲ ಭಾರವನ್ನೂ ಆಕೆಗೇ ಬಿಟ್ಟುಕೊಟ್ಟು, ಆಯಾಸವನ್ನು ಮಾತ್ರ ತಾವು ಇಟ್ಟುಕೊಂಡರು.”

“ನೋಡ್ರಪ್ಪಾ! ಹೆಂಡ್ತಿ ನೀರು ಹೊತ್ರೆ ಸಾಹೇಬ್ರಿಗೆ ಸುಸ್ತು! ಇದಲ್ವಾ ದಾಂಪತ್ಯ?” ಎಂದು ಗುರುಬಸವರಾಜ ಮತ್ತೆ ಕೈಮುಗಿದ.

ಹೆಂಗಸರ ಸಾಲು ಸೆರಗು ಬಾಯಿಗಿಟ್ಟುಕೊಂಡು ಉರುಳಾಡಿತು. ಶಾಂತಾದೇವಿ ಎದ್ದು ನಿಂತರು. “ಆಹಾ! ಒಂದು ಹಲ್ಲಾದ್ರೂ ಕಾಣಿಸ್ತಾ? ಬರೆದೋನೇ ಬಂದಿದ್ರೂ ಹಿಂಗೆ ಹೇಳ್ತಿರಲಿಲ್ಲ!”

ಷಣ್ಮುಖಪ್ಪನ ನೆತ್ತಿ ಕಾದ ಹಂಚಾಯಿತು. ಪುಸ್ತಕವನ್ನು ದಬ್ಬೆಂದು ಮುಚ್ಚಿ ಎದ್ದ.

“ಏಯ್, ನಿಲ್ಲಿಸ್ರಿ ನಗೋದನ್ನ! ಇವನಿಗೆ ಏನೂ ಗೊತ್ತಿಲ್ಲ! ಇವನು ನಿಜವಾಗ್ಲೂ ಹೊಗಳ್ತಾ ಅದಾನೆ! ಟೀಚರ್ ಗುಟ್ಟು ಹೇಳುವಾಗ ಇವನು ಮಿರ್ಚಿ ತಿನ್ನಾಕೆ ಹೋಗಿದ್ದ!”

ನಗು ಚಾವಣಿಗೆ ಹೊಡೆಯಿತು.

“ನಾಟಕ ಅಲ್ರೀ ಇದು! ನನ್ನ ಹೊಟ್ಟೆ ಉರೀತೈತೆ! ಪ್ರತಿ ವರ್ಷ ಓದಿ ಓದಿ ಸತ್ತೋನು ನಾನು, ಶಾಲು ಇವನಿಗೆ! ನನಗೆ ಬಾಳೆಹಣ್ಣು! ಇವರ ಮನೆಯಾಗೆ ಶಾಲಿನ ಮೇಲೆ ಲಂಗ ಇಸ್ತ್ರಿ ಮಾಡ್ತಾರ್ರೀ!”

ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿಯಿಂದ ಬಿದ್ದರು. ಅವನು ಕೂಗಿದಷ್ಟೂ ಜನ ನಕ್ಕರು, ಜನ ನಕ್ಕಷ್ಟೂ ಅವನು ಕೂಗಿದ. ಕೊನೆಗೆ ಗಂಟಲು ಕಟ್ಟಿ, ಸೋಡಾ ಕುಡಿದು ಕೂತ.

ಬಳಗದವರು ತಂದಿದ್ದದ್ದು ಒಂದೇ ಶಾಲು. ಬಸವರಾಜಪ್ಪನವರೇ ವೇದಿಕೆಗೆ ಬಂದು ಅದನ್ನು ಬಿಚ್ಚಿದರು. “ಅರ್ಥ ಹೇಳಿದೋರು ಚೆನ್ನಾಗಿ ಹೇಳಿದ್ರು. ಆದ್ರೆ ಹೊಟ್ಟೆಕಿಚ್ಚಿನ ಪಾರ್ಟು ಮಾಡಿದ್ರಲ್ಲ, ಇಂಥಾ ಕಲಾವಿದರನ್ನ ನಾನು ಕಂಡಿಲ್ಲ!” ಎಂದು ಷಣ್ಮುಖಪ್ಪನ ಹೆಗಲಿಗೆ ಹೊದಿಸಿದರು. ಗುರುಬಸವರಾಜನಿಗೆ ಒಂದು ಬಾಳೆಹಣ್ಣು ಸಿಕ್ಕಿತು.

“ಮುಂದಿನ ತಿಂಗಳು ಜಗಳೂರಿಗೆ ಬರ್ರಿ. ಇಬ್ಬರಿಗೂ ಶಾಲು. ಆದ್ರೆ ಇವತ್ತಿನಂಗೇ ಇರಬೇಕು. ಅವರು ಹಿಂಗೇ ಹೇಳ್ಬೇಕು, ನೀವು ಹಿಂಗೇ ಉರೀಬೇಕು. ಸ್ವಲ್ಪಾನೂ ಹೆಚ್ಚುಕಮ್ಮಿ ಆಗಬಾರ್ದು,” ಎಂದರು ಬಸವರಾಜಪ್ಪನವರು.

ಷಣ್ಮುಖಪ್ಪ ಶಾಲಿನ ಜರಿ ಮುಟ್ಟಿ ನೋಡಿ, ಆಗಲಿ ಎಂದು ತಲೆಯಾಡಿಸಿದ.

ವಾಪಸ್ ಬಸ್ಸಿನಲ್ಲಿ ಗುರುಬಸವರಾಜ ಸಪ್ಪಗೆ ಕೂತಿದ್ದ.

“ಷಣ್ಮುಖಾ, ಜನ ಯಾಕೆ ಹಂಗೆ ನಕ್ರು? ನೀನು ಗುಟ್ಟು ಗಿಟ್ಟು ಅಂದದ್ದೂ ನನಗೆ ತಲೆಬುಡ ತಿಳೀಲಿಲ್ಲ. ಆ ಬ್ರುಮ್ಮಪ್ಪನೋರನ್ನ ನೆನೆಸ್ಕಂಡ್ರೆ ನನಗೆ ಅಳು ಬರ್ತೈತೆ.”

ಷಣ್ಮುಖಪ್ಪ ಕಿಟಕಿಯ ಕಡೆ ತಿರುಗಿದ.

“ಇನ್ನೊಂದು ಮಾತು. ನೀನು ಎದ್ದು ಕೂಗಿದ್ಯಲ್ಲ, ಎಲ್ಲರೂ ನಾಟಕ ಅಂದ್ರು. ನನಗೆ ಹಂಗನಿಸ್ಲಿಲ್ಲ. ನಿಜವಾಗ್ಲೂ ನಿನಗೆ ಸಂಕಟ ಐತೆ. ನಾನು ಇಷ್ಟು ವರ್ಷ ಪಕ್ಕದಾಗೇ ಕೂತು ಕಾಣಲಿಲ್ಲ ನೋಡು. ತಪ್ಪಾತು. ಜಗಳೂರಿನಾಗೆ ನಾನು ಓದ್ತೀನಿ, ಅರ್ಥ ನೀನು ಹೇಳು. ಇನ್ಮೇಲೆ ಯಾವಾಗ್ಲೂ ನೀನೇ.”

ಷಣ್ಮುಖಪ್ಪ ಸರಕ್ಕನೆ ಇತ್ತ ತಿರುಗಿದ. ಜೀವಮಾನವೆಲ್ಲ ಬಯಸಿದ ಕುರ್ಚಿ! ಬಾಯಿ ತೆರೆದು ಹೂಂ ಅನ್ನುವಷ್ಟರಲ್ಲಿ ಹೆಗಲ ಮೇಲಿನ ಶಾಲು ಜಾರಿತು. ತನಗೆ ಒಳಗಿನ ಒದೆ ಗೊತ್ತು; ತಾನು ಅರ್ಥ ಹೇಳಿದರೆ ಹಲ್ಲು ಕಂಡೇ ಕಾಣುತ್ತದೆ, ಯಾರೂ ನಗುವುದಿಲ್ಲ. ಗುಟ್ಟನ್ನು ಇವನಿಗೆ ಬಿಡಿಸಿ ಹೇಳಿದರೂ ಅಷ್ಟೇ, ಇವನ ಹಲ್ಲೂ ಕಾಣುತ್ತದೆ. ಎರಡರಲ್ಲಿ ಯಾವುದೇ ಆದರೂ ಜಗಳೂರು ಹೋಯಿತು, ಶಾಲೂ ಹೋಯಿತು.

“ಬ್ಯಾಡ,” ಎಂದ, ಹಲ್ಲು ಕಚ್ಚಿ. “ಅರ್ಥ ನೀನೇ ಹೇಳು. ನಿನ್ನಂಗೆ ಹೇಳೋನು ಈ ಸೀಮೆಯಾಗೇ ಇಲ್ಲ. ಇವತ್ತು ಹೆಂಗೆ ಹೇಳ್ದೋ ಹಂಗೇ ಹೇಳು.”

ಗುರುಬಸವರಾಜನ ಕಣ್ಣು ತುಂಬಿ ಬಂತು. “ಒಂದು ದಿನಾನೂ ನನ್ನ ಹೊಗಳಿರಲಿಲ್ಲ ಕಣೋ ನೀನು. ಇವತ್ತು ಮನಸ್ಸಾರೆ ಹೇಳಿದೆ.”

ಮನಸ್ಸಾರೆ ಹೇಳಿದೆನೋ, ಒದ್ದೆನೋ? ಷಣ್ಮುಖಪ್ಪ ಹೊನ್ನಾಳಿ ಹತ್ತಿರವಾಗುವವರೆಗೂ ಯೋಚಿಸಿದ. ತಿಳಿಯಲಿಲ್ಲ.

ಗುರುಬಸವರಾಜ ಬಾಳೆಹಣ್ಣು ಸುಲಿದು, ಮುರಿದು, ದೊಡ್ಡ ಹೋಳನ್ನು ಅವನ ಕೈಗಿಟ್ಟ. ಹಣ್ಣು ತೀರ ಕಳಿತಿತ್ತು. ತಿಂದು ಮುಗಿಸುವಷ್ಟರಲ್ಲಿ ಬೆರಳೆಲ್ಲ ಅಂಟು. ಕೊಟ್ರಮ್ಮನ ಚೀಲವಾದರೂ ಇದ್ದಿದ್ದರೆ ಒರೆಸಿಕೊಳ್ಳಬಹುದಿತ್ತು. ಷಣ್ಮುಖಪ್ಪ ಅತ್ತಿತ್ತ ನೋಡಿ, ಬೇರೆ ಬಟ್ಟೆ ಕಾಣದೆ, ಶಾಲಿಗೇ ಒರೆಸಿದ.