ಯಂತ್ರಕ್ಕೆ ಜ್ವರ ಹಿಡಿಸಿದ ಮಾವ

ನಮ್ಮ ಸೋದರಮಾವನ ತೋಟದಲ್ಲಿ ಕೆಮ್ಮುವುದಕ್ಕೂ ಅಪ್ಪಣೆ ಬೇಕಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಕಬ್ಬಾಳಿಗೆ ಬಂದು ನಮ್ಮತ್ತೆಯನ್ನೇ ಕೇಳಿ!

ನಮ್ಮ ಖಂಡದ ನೆಲ ಆಳದಲ್ಲಿ ಹೇಗಿದೆ ಎಂದು ತಿಳಿಯಲು ಹೊರಟ ವಿಜ್ಞಾನಿಗಳು ಊರೂರಲ್ಲಿ ಜಾಗ ಕೇಳುತ್ತಿದ್ದರು. ದೂರದ ದೇಶದಲ್ಲಿ ಭೂಮಿ ನಡುಗಿದರೆ, ಆ ನಡುಕ ನಮ್ಮ ಬಂಡೆಗಳಡಿ ಹಾಯುವಾಗ ಹಿಡಿದಿಡುವ ಯಂತ್ರವಂತೆ. ಮಿಕ್ಕವರು ಹೊಲ ಹೋದೀತೆಂದು ಹೆದರಿದರು. ಮಾವ ರೇಷ್ಮೆ ಹುಳುವಿಗೆಂದು ಬೆಳೆದಿದ್ದ ಹಿಪ್ಪುನೇರಳೆ ತೋಟದ ಮೂಲೆಯನ್ನು ಬಿಟ್ಟುಕೊಟ್ಟ. ಒಂದೇ ಷರತ್ತು: "ಅದು ಕೇಳಿದ್ದನ್ನ ನಂಗೂ ಬಂದು ಹೇಳ್ಬೇಕು."

ಯಂತ್ರ ಹೂತು ಹೊರಡುವಾಗ ಅವರು, "ಹತ್ತಿರ ಸದ್ದು ಕಡಿಮೆ ಇರಲಿ" ಎಂದರು. ಅಷ್ಟೇ ಸಾಕಾಯಿತು! ರೇಷ್ಮೆ ಹುಳು ಪೊರೆ ಬಿಡಲು ಅಲುಗದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹುಳುವಿನ ಜ್ವರವೇನೋ ಬೇಗ ಬಿಡುತ್ತದೆ. ಮಾವ ಯಂತ್ರಕ್ಕೆ ಹಿಡಿಸಿದ ಜ್ವರ ವರ್ಷ ಕಳೆದರೂ ಬಿಡಲಿಲ್ಲ! ಹುಳುಮನೆಗೆ ಮಾಡುವಂತೆ ಸುತ್ತಲೂ ಸುಣ್ಣ ಚೆಲ್ಲಿದ. ಮನೆಯ ಒರಳಿಗೂ ರಜೆ ಕೊಟ್ಟ.

"ಕಾರ ಕುಟ್ಬೇಡ ಕಣಮ್ಮಿ, ಜಪಾನ್‌ ನಡುಕ ಕೇಳುಸ್ದೆ ಹೋಯ್ತದೆ!"

"ಹಂಗಾರೆ ಜಪಾನ್‌ನೋರ್ ಮನೇಲೇ ಉಂಡ್ಕೊ ಹೋಗು!" ಎಂದಳು ಅತ್ತೆ. ಆವತ್ತು ಮಾವನಿಗೆ ಬರೀ ಮುದ್ದೆ, ಮಜ್ಜಿಗೆ.

ಪಕ್ಕದ ತೋಟದವನು ರೇಗಿದ: "ಏನ್ಲಾ, ನನ್ ಟಿಲ್ಲರ್ನ ತಲೆ ಮ್ಯಾಲೆ ಹೊತ್ಕೊಂಡ್ ಹೋಗ್ಲಾ?"

"ಹೊತ್ಕಳ್ಲಾ, ನಾನೂ ಒಂದ್ ಕೈ ಕೊಡ್ತೀನಿ!"

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಟ್ಟಿದವಳು ನಾನು. ಕನಕಪುರದ ಬಸ್ಸಿನಲ್ಲಿ ನಿಂತೇ ಹೋಗಿ ಬಿ.ಎಸ್ಸಿ. ಮುಗಿಸಿದವಳು, ಆ ಹೆಮ್ಮೆಯನ್ನು ನಾನೇಕೆ ಮುಚ್ಚಿಡಲಿ? ಹಾಗಾಗಿ ಮಾವನ ಪ್ರಶ್ನೆಯೆಲ್ಲ ನನಗೇ. "ಏನಂತವ್ವ ಭೂಮಿ?" ವಿಜ್ಞಾನಿಗಳು ಯಂತ್ರ ಕಿತ್ತುಕೊಂಡು ಹೋದ ಮೇಲೂ ಅದೇ ಪ್ರಶ್ನೆ. "ಇನ್ನೂ ನೋಡ್ತಾವ್ರೆ ಮಾವ" ಎನ್ನುತ್ತಿದ್ದೆ. ಆತ ರಸ್ತೆ ಕಡೆ ಕಣ್ಣಿಟ್ಟು ಕೂರುತ್ತಿದ್ದ. ಹಾಗೆ ಕಾಯುತ್ತಿರುವಾಗಲೇ ಲಕ್ವ ಹೊಡೆದು ಹಾಸಿಗೆ ಹಿಡಿದ.

ಕೊನೆಗೂ ವಿಜ್ಞಾನಿಗಳು, ಯಂತ್ರ ಕೇಳಿದ್ದನ್ನು ಹೇಳಲು ಊರ ಶಾಲೆಗೆ ಬಂದರು. ಮಾವನ ಬದಲು ನಾನು ಹೋಗಿ ಕೂತೆ. ಪರದೆಯ ಮೇಲೆ ದೂರದೂರದ ಕಂಪನಗಳ ಗೆರೆ ತೋರಿಸುತ್ತಾ ಒಬ್ಬರು ನಕ್ಕರು: "ಜಾಗ ಬಹಳ ನಿಶ್ಶಬ್ದವಾಗಿತ್ತು. ಆದರೆ ದಿನಾ ಮುಂಜಾನೆ ಯಂತ್ರದ ಹತ್ತಿರ ಯಾರೋ ಓಡಾಡಿದ್ದಾರೆ. ಯಾರದು?"

ಇಡೀ ಶಾಲೆ ಗೊಳ್ಳೆಂದಿತು. ಊರನ್ನೆಲ್ಲ ಸುಮ್ಮನಿರಿಸಿ, ಯಾರಾದರೂ ಸದ್ದು ಮಾಡುತ್ತಿದ್ದಾರೆಯೇ ಎಂದು ನೋಡಲು ಹೋಗುತ್ತಿದ್ದ ಮಾವನೇ!

ನಗುತ್ತಲೇ ಬಂದು ಹೇಳಿದೆ. ಮಾವ ನಗಲಿಲ್ಲ.

"ನನ್ನಿಂದ ಕೆಟ್ಟೋಯ್ತೇನವ್ವ?"

"ಇಲ್ಲ ಮಾವ. ದೂರದ್ದೆಲ್ಲ ಚೆನ್ನಾಗೇ ಕೇಳ್ಸೈತೆ. ಅದ್ರ ಜೊತೆಗೆ ನೀನ್ ನಡ್ದಿದ್ದೂ ಐತೆ."

ಕಂಬಳಿಯಡಿಯ ತನ್ನ ಕಾಲುಗಳನ್ನೇ ಮಾವ ಬಹಳ ಹೊತ್ತು ನೋಡಿದ.

"ನಾನ್ ನಡ್ದಿದ್ದಾ?" ಎಂದ. "ಅದನ್ನ ಒಸಿ ಇನ್ನೊಂದ್ಸಲ ಹೇಳವ್ವ."